ಪಟಾಲಮ್ಮನ ಕಡೆಗೆ ಸರಿದ ಕ್ಯಾಮೆರಾ

'ಝೂಮ್' ಎಂದು ಬರೆದಳು ಅಂಬುಜಾ, ಪೆನ್ಸಿಲ್ ಮೊನೆ ಮುರಿಯುವಷ್ಟು ಒತ್ತಿ.

ಎಂಬತ್ತಾರರ ಆ ಬೇಸಿಗೆಯಲ್ಲಿ, ರಾಜಾಜಿನಗರದ ಕಾರ್ಮಿಕ ಸಂಘದ ಕೋಣೆಯಲ್ಲಿ ಅವಳದು ಇದೇ ಕೆಲಸ. ಕಾರ್ಖಾನೆ ಗೇಟಿನ ಮುಷ್ಕರವನ್ನು ವೆಂಕಟಗಿರಿ ವಿಡಿಯೋದಲ್ಲಿ ಹಿಡಿದು ತರುತ್ತಿದ್ದ. ಅವಳು ಟಿವಿಯ ದನಿ ತಗ್ಗಿಸಿ, ಒಂದೊಂದು ದೃಶ್ಯಕ್ಕೂ ಒಂದು ಕಾರ್ಡ್ ಬರೆಯುತ್ತಿದ್ದಳು: ಕ್ಯಾಮೆರಾ ಎಡಕ್ಕೆ ತಿರುಗಿತೋ, ಬಲಕ್ಕೋ, ಯಾರ ಹತ್ತಿರ ಸರಿಯಿತೋ. ನಾಳೆ ಯಾರಾದರೂ "ಲಾಠಿ ಬೀಸಿದ್ದು ಎಲ್ಲಿದೆ?" ಎಂದರೆ ಇಡೀ ಟೇಪ್ ಓಡಿಸದೆ ತೆಗೆದುಕೊಡಬೇಕು. ಹುಡುಕಿದಾಗ ಸಿಗದ ಸಾಕ್ಷಿ ಮಾಲೀಕನ ಪಾಲಿಗೆ ಹಬ್ಬ.

ಇವತ್ತು ಮಾತ್ರ ಅವಳಿಗೆ ಲಗ್ಗೆರೆಯ ಪಟಾಲಮ್ಮನ ಹೊರತು ಬೇರೇನೂ ಕಾಣುತ್ತಿರಲಿಲ್ಲ. ಮುಷ್ಕರದ ಮುಂದಾಳು. ಎಣ್ಣೆಗಪ್ಪು ಮುಖ, ಹೊಳೆಯುವ ಮೂಗುಬೊಟ್ಟು. ಆ ಮುಖ ದೊಡ್ಡದಾಗುತ್ತಾ ಆಗುತ್ತಾ ಟಿವಿಯನ್ನೇ ತುಂಬಿತು. ತಾನು ಒಳಗೊಳಗೇ ಇಷ್ಟಪಟ್ಟವನ ಕ್ಯಾಮೆರಾ, ಇನ್ನೊಬ್ಬಳ ಕೆನ್ನೆಯವರೆಗೂ ಹೋಗಿತ್ತು.

ವೆಂಕಟಗಿರಿ ಟೀ ಲೋಟ ಹಿಡಿದು ಬಂದು ಕಾರ್ಡ್ ಓದಿದ.

"ಇದು ಝೂಮ್ ಅಲ್ಲಾರೀ."

"ನಂಗೇನು ಕಣ್ಣಿಲ್ವಾ? ಮೂಗುಬೊಟ್ಟಿನ ಹರಳು ಎಣಿಸೋಷ್ಟು ಹತ್ರ ಹೋಗಿದೀರ!"

ಅವನು ನಕ್ಕು ಟೇಪ್ ಹಿಂದಕ್ಕೆ ಓಡಿಸಿದ. "ಅವರ ಮುಖ ಬಿಡಿ, ಹಿಂದಿನ ಗೋಡೆ ನೋಡಿ. ನಾನು ಝೂಮ್ ಮಾಡಿದ್ರೆ ಗೋಡೆ ಮೇಲಿನ ಅಕ್ಷರಾನೂ ದೊಡ್ಡದಾಗ್ಬೇಕಿತ್ತು ತಾನೆ?"

ಅಕ್ಷರಗಳು ಇದ್ದಷ್ಟೇ ಇದ್ದವು. ಕ್ಯಾಮೆರಾ ಕದಲಿರಲಿಲ್ಲ, ಪಟಾಲಮ್ಮನೇ ನಡೆದು ಬಂದಿದ್ದಳು. ನೂರಾರು ಕಾರ್ಡ್ ಬರೆದ ಕಣ್ಣು ಮೊದಲ ಸಲ ತಪ್ಪಿತ್ತು. ಅಂಬುಜಾಳ ಕಿವಿ ಬಿಸಿಯಾಯಿತು. ಆದರೂ ಹೊಟ್ಟೆಕಿಚ್ಚು ಅಷ್ಟಕ್ಕೇ ಆರುತ್ತದೆಯೇ?

"ಓಹೋ, ಅವರೇ ನಿಮ್ಮ ಹತ್ರ ಬಂದ್ರು. ಯಾಕಂತೆ?"

ಅವನು ಟಿವಿಯ ದನಿ ಏರಿಸಿದ.

"ಏನಣ್ಣ, ನಮ್ಮ ಅಳುಮುಖಾನೇ ಹಿಡೀತೀಯಲ್ಲ, ನಾವ್ ಕೂಗೋದು ಕಾಣಲ್ವಾ ನಿಂಗೆ?" ಎಂದು ಟಿವಿಯೊಳಗಿಂದ ಪಟಾಲಮ್ಮ ಗದರಿದಳು.

'ಅಣ್ಣ' ಎಂದದ್ದು ಕೇಳಿ ಅಂಬುಜಾ ನಗು ನುಂಗಿದಳು. ಸೋಲೊಪ್ಪದೆ ಇನ್ನೊಂದು ಕಾರ್ಡ್ ತೆಗೆದಳು.

"ಮುಂದಿಂದು ನಾನೇ ಬರೀತೀನಿ ಬಿಡಿ," ಎಂದು ಅವನು ಟೇಪ್ ನಿಲ್ಲಿಸುವ ಗುಂಡಿಗೆ ಕೈ ಚಾಚಿದ. ಅವಳು ಆ ಕೈಯನ್ನು ತಳ್ಳಿದಳು.

ಪಟಾಲಮ್ಮ ಪೆಟ್ಟಿಗೆಯ ಮೇಲೆ ನಿಂತು ಮಾತಾಡುತ್ತಿದ್ದಳು. "ಆವತ್ತು ಗೇಟಿಗೆ ಬೀಗ ಜಡಿಸಿದ್ದು ಯಾರು ಅಂದ್ರೆ..." ಅನ್ನುವಷ್ಟರಲ್ಲಿ ಕ್ಯಾಮೆರಾ, ಅದರ ಮೈಕಿನ ಸಮೇತ, ಬಲಕ್ಕೆ ತಿರುಗಿತು. ಮಾತು ಗದ್ದಲದಲ್ಲಿ ಮುಳುಗಿತು. ತಲೆಗಳ ಮೇಲೆ ತಡಕಾಡುತ್ತಾ ಹೋದ ಕ್ಯಾಮೆರಾ, ಕರಪತ್ರ ಹಂಚುತ್ತಿದ್ದ ನೀಲಿ ಸೀರೆಯವಳ ಬಳಿ ನಿಂತಿತು. ಅವಳು ಜಡೆಯನ್ನು ಹಿಂದಕ್ಕೆ ಎಸೆದುಕೊಂಡಳು. ಕ್ಯಾಮೆರಾ ಅಲ್ಲಿಂದ ಅಲ್ಲಾಡಲಿಲ್ಲ.

ನೀಲಿ ಸೀರೆಯವಳು ಬೇರಾರೂ ಅಲ್ಲ, ಅಂಬುಜಾ ಟಿವಿಯಲ್ಲಿ ತನ್ನನ್ನೇ ನೋಡುತ್ತಿದ್ದಳು. ಮನಸ್ಸು ಹಿಗ್ಗಿತು. ಮರುಕ್ಷಣ ಸಿಟ್ಟೂ ಬಂತು.

"ಹೆಸರು ಹೇಳೋ ಹೊತ್ತಿಗೆ ಸರಿಯಾಗಿ ತಿರುಗಿಸಿದೀರಲ್ರೀ! ಅವರ ಮಾತೇ ಹೋಯ್ತಲ್ಲ!"

"ತಪ್ಪಾಯ್ತು." ಅವನು ತಲೆ ತಗ್ಗಿಸಿದ. "ನೀವು ಕಂಡ್ರೆ ಕೈ ನನ್ನ ಮಾತು ಕೇಳಲ್ಲ. ಎರಡು ತಿಂಗಳಿಂದ ಹೇಳೋಣ ಅಂತಿದ್ದೆ. ನೀವಂದ್ರೆ ನಂಗೆ ಇಷ್ಟ."

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

"ನಾಳೆ ಲಗ್ಗೆರೆಗೆ ಹೋಗಿ ಪಟಾಲಮ್ಮನ ಕ್ಷಮೆ ಕೇಳಿ. ಅದೇ ಮಾತು ಮತ್ತೆ ಹೇಳ್ಸಿ."

"ನೀವೂ ಬರ್ತೀರಾ?"

"ಬರ್ದೇ ಇರ್ತೀನಾ? ನಿಮ್ಮ ಪಕ್ಕಾನೇ ನಿಲ್ತೀನಿ, ಭುಜಕ್ಕೆ ಭುಜ ತಾಗೋ ಹಾಗೆ. ಆಮೇಲೂ ಕ್ಯಾಮೆರಾ ಅತ್ತಿತ್ತ ತಿರುಗ್ಲಿ, ಯಾರನ್ನ ಹುಡುಕ್ತಿದೀರ ಅಂತ ಅಲ್ಲೇ, ಎಲ್ಲರೆದುರೇ ಕೇಳ್ತೀನಿ."