ಮೂರು ಲೋಡಿನ ಕಲೆ

೨೦೨೫ರ ಜನವರಿ ೯, ಗುರುವಾರ, ಬೆಳಿಗ್ಗೆ ೧೦.೨೦. ಗುಂಡ್ಲುಪೇಟೆ ಠಾಣೆಗೆ ಬಂದ ದೂರನ್ನು ಎರಡು ಸಲ ಓದಿದರೂ ಹೆಡ್ ಕಾನ್‌ಸ್ಟೆಬಲ್ ಮಂಟೇಸ್ವಾಮಿಗೆ ತಲೆಬುಡ ತಿಳಿಯಲಿಲ್ಲ. ಅಂಗೈಯಗಲದ ಒಂದು ಎಸ್‌ಎಂಪಿಎಸ್ ಕಳವಾಗಿದೆ ಎಂದಿತ್ತು.

"ಅಂಗಂದ್ರೆ ಏನ್ ಸಾಮಿ?"

ವರ್ಕ್‌ಶಾಪಿನ ಮಾಲೀಕ ಬಸವಪ್ರಸಾದ್ ಬೆವರು ಒರೆಸಿಕೊಂಡ. "ಕರೆಂಟ್ ತಗೊಂಡು ಮೂರು ಬೇರೆ ಬೇರೆ ವೋಲ್ಟೇಜ್ ಕೊಡೋ ಪೆಟ್ಟಿಗೆ. ಆನೆ ಸದ್ದು ಕೇಳಿ ಸೈರನ್ ಕೂಗೋ ಅರವತ್ತು ಮಿಷನ್ನು ಕಾಡಂಚಿನ ಹಂಗಳ ಊರಿಗೆ ಮಾಡ್ತಿದೀವಿ. ಅದಕ್ಕೆ ಹಾಕೋ ಸಪ್ಲೈ ಇದು. ನಾಳೆ ಚಾಮರಾಜನಗರದಲ್ಲಿ ತಪಾಸಣೆ. ನಂಬರ್ ಹಾಕಿದ ಸ್ಯಾಂಪಲ್ಲೇ ಇಲ್ಲ."

ಎಫ್‌ಐಆರ್ ದಾಖಲಾಯಿತು. ೧೧.೩೦ಕ್ಕೆ ಎಸ್‌ಐ ರೂಪಶ್ರೀ ಮತ್ತು ಮಂಟೇಸ್ವಾಮಿ ವರ್ಕ್‌ಶಾಪಿನಲ್ಲಿದ್ದರು. ಬೀಗ ಒಡೆದಿರಲಿಲ್ಲ. ಬೆಲೆಬಾಳುವ ಮೀಟರುಗಳೆಲ್ಲ ಇದ್ದಲ್ಲೇ ಇದ್ದವು. ಮೇಜಿನ ಪ್ಲಾಸ್ಟಿಕ್ ಹಾಳೆಯ ಮೇಲೆ ಮಾತ್ರ ಸಾಲಾಗಿ ಮೂರು ಸುಟ್ಟ ಕಲೆ, ಹೊಸವು.

"ಇದೇನು?" ರೂಪಶ್ರೀ ಕೇಳಿದರು.

"ರೆಸಿಸ್ಟರ್ ಕಾದು ಸುಟ್ಟಿರೋದು. ಸಪ್ಲೈಗೆ ಲೋಡ್ ಕೊಟ್ಟು ನೋಡ್ತೀವಲ್ಲ, ಆಗ. ಆದ್ರೆ ನಾವು ಒಂದೊಂದೇ ವೋಲ್ಟೇಜ್ ನೋಡೋದು."

"ಮೂರೂ ಒಟ್ಟಿಗೆ ನೋಡೋರು ಯಾರು?"

ಬಸವಪ್ರಸಾದ್ ಚಾವಣಿ ನೋಡಿದ. "ದಾನೇಶ್ವರಿ. ಟೆಸ್ಟಿಂಗ್ ಹುಡುಗಿ. ಬೇಡ ಅಂದ್ರೂ ಕೇಳಲ್ಲ. ಇವತ್ತು ರಜೆ."

ಮಂಟೇಸ್ವಾಮಿಗೆ ನಗು ತಡೆಯಲಾಗಲಿಲ್ಲ. ಹಸು ಕದಿಯಲು ಬಂದವನು ಕೊಟ್ಟಿಗೆಯಲ್ಲೇ ಕೂತು ಹಾಲು ಕರೆದು ನೋಡುತ್ತಾನೆಯೇ? ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಇಂಥ ಕಳ್ಳತನ ಅವನು ಕಂಡಿರಲಿಲ್ಲ.

ಮಧ್ಯಾಹ್ನ ೧.೪೦, ಹಂಗಳ. ಮನೆಯ ಜಗಲಿಯಲ್ಲಿ ದಾನೇಶ್ವರಿ ತನ್ನ ತಾಯಿ ಪುಟ್ಟಸಿದ್ದಮ್ಮನ ಜೊತೆ ಅವರೆಕಾಯಿ ಸುಲಿಯುತ್ತಿದ್ದಳು. ಜೀಪು ಕಂಡವಳೇ ಒಳಗೆ ಹೋಗಿ ಪೆಟ್ಟಿಗೆ ತಂದು ಮುಂದಿಟ್ಟಳು.

"ಯಾವಾಗ ತಗೊಂಡೆ?" ರೂಪಶ್ರೀ ಕೇಳಿದರು.

"ನೆನ್ನೆ ಸಂಜೆ, ಎಲ್ಲಾರೂ ಹೋದ್ಮೇಲೆ."

"ಕದಿಯೋಕೆ ಮುಂಚೆ ಟೆಸ್ಟ್ ಯಾಕೆ?"

"ನಾನೇ ತಪ್ಪು ಅಳ್ದಿದ್ರೆ ಮೇಡಂ? ಇನ್ನೊಂದ್ಸಲ ನೋಡನ, ಸರಿಯಾಗಿದ್ರೆ ಅಲ್ಲೇ ಇಟ್ಬುಟ್ಟು ಬರನ ಅಂತಿದ್ದೆ."

"ಸರಿಯಾಗಿರ್ಲಿಲ್ವಾ?"

"ಒಂದೊಂದೇ ನೋಡುದ್ರೆ ಚೆನ್ನಾಗದೆ. ಮೂರೂ ಒಟ್ಗೆ ಲೋಡ್ ಕೊಟ್ರೆ ಕರೆಂಟಲ್ಲೇ ಗಲಾಟೆ ಎದ್ಬುಡ್ತದೆ. ಆನೆ ಗಂಟ್ಲೊಳ್ಗೆ ಗುಡುಗೋದು ಅದ್ರಲ್ಲಿ ಮುಳುಗೋಯ್ತದೆ, ಮಿಷನ್ನಿಗೆ ಕೇಳ್ಸಲ್ಲ. ರಿಪೋರ್ಟಲ್ಲಿ ಬರ್ದಿದ್ದೆ. ಬಸವಪ್ರಸಾದ್ ಸಾರ್ ಆ ಹಾಳೆ ಕಿತ್ತಾಕುದ್ರು. ನಾಳೆ ಒಂದೊಂದೇ ನೋಡಿ ಪಾಸ್ ಮಾಡ್ಬುಡ್ತಾರೆ ಅಂತ ತಂದ್ಬುಟ್ಟೆ."

ಪುಟ್ಟಸಿದ್ದಮ್ಮನಿಗೆ ಮಗಳ ಮಾತು ಅರ್ಧ ಅರ್ಥವಾಗಿತ್ತು. "ಮಿಷನ್ನು ಬಂದ್ಮೇಲೆ ಊರಲ್ಲಿ ಆನೆ ಕಾವ್ಲು ತೆಗ್ದಾಕ್ತೀವಿ ಅಂದವ್ರೆ ಸಾಮಿ. ಸೈರನ್ ಕೂಗ್ನಿಲ್ಲ ಅಂದ್ರೆ ದೈರ್ಯವಾಗಿ ಹೊಲಕ್ಕೆ ಓಗಿ ಅಂತ."

ರೂಪಶ್ರೀ ಪೆಟ್ಟಿಗೆ ಎತ್ತಿಕೊಂಡು ದಾನೇಶ್ವರಿಗೆ ಜೀಪು ಹತ್ತಲು ಹೇಳಿದರು.

೩.೪೫. ವರ್ಕ್‌ಶಾಪಿನಲ್ಲಿ ಪಂಚನಾಮೆ. ಎದುರಿನ ಟೈಲರ್ ಮತ್ತು ಟೀ ಅಂಗಡಿಯವನು ಪಂಚರು. "ಮಾಲು ಯಾವ ಸ್ಥಿತಿಯಲ್ಲಿದೆ ಅಂತ ಬರೀಬೇಕು. ಮಿಷನ್ನಿಗೆ ಹಾಕಿ, ಮೂರೂ ಒಟ್ಟಿಗೆ ನಡೀಲಿ," ಎಂದರು ರೂಪಶ್ರೀ.

ಮೊದಲು ಬ್ಯಾಟರಿಯಲ್ಲಿ ನಡೆಸಿದರು. ರೆಕಾರ್ಡ್ ಮಾಡಿಟ್ಟಿದ್ದ ಆನೆಯ ಸದ್ದು ಹಾಕಿದ ಕೂಡಲೇ ಸೈರನ್ ಕೂಗಿತು, ಟೈಲರ್ ಬೆಚ್ಚಿಬಿದ್ದ. ಆಮೇಲೆ ಕದ್ದ ಪೆಟ್ಟಿಗೆಯಲ್ಲಿ. ಅದೇ ಆನೆ, ಅದೇ ಸದ್ದು. ಮಿಷನ್ನು ಕೂಗಲಿಲ್ಲ. ಮೂರು ಸಲ ಹಾಕಿದರೂ ಕೂಗಲಿಲ್ಲ.

"ಮೇಡಂ, ದೂರು ವಾಪಸ್ ತಗೋತೀನಿ," ಎಂದ ಬಸವಪ್ರಸಾದ್.

"ಎಫ್‌ಐಆರ್ ಆಗಿದೆ. ಸ್ಯಾಂಪಲ್ ಎಲ್ಲಿ ಅಂತ ನಾಳೆ ಕೇಳ್ತಾರಲ್ಲ, ಚಾಮರಾಜನಗರಕ್ಕೆ ಈ ಪಂಚನಾಮೆಯ ಪ್ರತಿ ನಾನೇ ಕಳಿಸ್ತೀನಿ."

ಪಂಚರು ಸಹಿ ಹಾಕಿದರು. ಈ ಹಾಳೆಯನ್ನು ಕಿತ್ತು ಹಾಕುವವರು ಯಾರೂ ಇರಲಿಲ್ಲ.

೫.೨೦ಕ್ಕೆ ದಾನೇಶ್ವರಿಯನ್ನು ದಸ್ತಗಿರಿ ಮಾಡಿದರು. ತನ್ನ ಮಗಳ ವಯಸ್ಸಿನವಳ ಹೆಸರನ್ನು ಮಂಟೇಸ್ವಾಮಿ ದಸ್ತಗಿರಿ ಪತ್ರದಲ್ಲಿ ಬರೆದ. ಕಳವಿನ ಕಾರಣ ಎಂಬಲ್ಲಿ ಅವನ ಕೈ ಅಭ್ಯಾಸಬಲದಿಂದ 'ದುರಾಸೆಯಿಂದ' ಎಂದು ಬರೆಯಹೊರಟಿತ್ತು. 'ದು' ಬರೆದು ನಿಂತ. ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ಚಿಕ್ಕ ಸಹಿ ಹಾಕಿ, ದುಂಡಗೆ ಬರೆದ: ಆರೋಪಿಯ ತಾಯಿ ದಿನವೂ ಬೆಳಗಿನ ಜಾವ ಹೊಲಕ್ಕೆ ಹೋಗುತ್ತಾಳೆ.