ಬ್ರದರ್ ಸಾಲೊಮನ್ನನ ಔಷಧಿ

2024ರ ನವೆಂಬರ್ 11, ಸೋಮವಾರ. ಕೆ.ಆರ್.ಪೇಟೆ ಗ್ರಾಮಾಂತರ ಠಾಣೆಯಲ್ಲಿ ಇನ್ನೂ ಕಸ ಗುಡಿಸಿ ಮುಗಿದಿರಲಿಲ್ಲ. ಬಿಳಿ ಸೀರೆಯ ಹೆಂಗಸೊಬ್ಬಳು ಓಡಿ ಬಂದು ಇನ್ಸ್‌ಪೆಕ್ಟರ್ ಸಂಘಮಿತ್ರಾರ ಮೇಜಿನ ಅಂಚು ಹಿಡಿದು ನಿಂತಳು.

"ನಮ್ಮ ಯಜಮಾನ್ರಿಗೆ ಯಾರೋ ವಿಷ ಹಾಕ್ಬುಟ್ಟವ್ರೆ, ಮೇಡಂ."

ಹೆಸರು ಅರ್ಪಿತ. ಯಜಮಾನರೆಂದರೆ ಬ್ರದರ್ ಸಾಲೊಮನ್. ನಾಗಮಂಗಲ ರಸ್ತೆಯ ಬಿಡುಗಡೆ ಪ್ರಾರ್ಥನಾ ಮಂದಿರದಲ್ಲಿ ತಲೆ ಮೇಲೆ ಕೈಯಿಟ್ಟು ಕಾಯಿಲೆ ಓಡಿಸುತ್ತಾನೆಂದು ಪಾಂಡವಪುರ, ಶ್ರೀರಂಗಪಟ್ಟಣದವರೆಗೂ ಹೆಸರು ಮಾಡಿದವನು. ಉಪವಾಸ ಕೂಟದ ಕೊನೆಯ ದಿನ, ಭಾನುವಾರ ಮಧ್ಯಾಹ್ನ, ವೇದಿಕೆಯ ಮೇಲೆಯೇ ವಾಂತಿ ಮಾಡಿಕೊಂಡು ಕುಸಿದಿದ್ದ. ಈಗ ಮೈಸೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದ.

ಎಫ್‌ಐಆರ್ ದಾಖಲಿಸಿ, ಅರ್ಪಿತಳನ್ನೂ ಹೆಡ್ ಕಾನ್‌ಸ್ಟೆಬಲ್ ಮರಿಯಯ್ಯನನ್ನೂ ಕೂರಿಸಿಕೊಂಡು ಸಂಘಮಿತ್ರಾ ಮೈಸೂರಿಗೆ ಹೊರಟರು. ಮರಿಯಯ್ಯ ತಲೆಮಾರುಗಳಿಂದ ಕ್ರೈಸ್ತರಾದ ಮನೆಯವನು. ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಮೆಲ್ಲಗೆ ಅಂದ: "ಇವನು ನಾಗಮಂಗಲದ ಕಡೆ ಸೋಮಯ್ಯ, ಮೇಡಂ. ಸಾಲೊಮನ್ ಆದ, ಅದಕ್ಕೆ ನನ್ನ ತಕರಾರಿಲ್ಲ. ಮೈ ಸರಿ ಇಲ್ಲ ಅಂದ್ರೆ ನಮ್ಮ ಫಾದರು ಪ್ರಾರ್ಥನೆ ಮಾಡಿ, ಆಸ್ಪತ್ರೆಗೆ ಓಗು ಅಂತಾರೆ. ಇವನು ಮಾತ್ರೆ ಬಿಸಾಕು ಅಂತಾನೆ."

ಡಾಕ್ಟರು ಸುತ್ತು ಬಳಸಿ ಮಾತಾಡಲಿಲ್ಲ. "ವಿಷ ಇಲ್ಲ. ರಕ್ತದ ಸಕ್ಕರೆ ಆರುನೂರು ದಾಟಿತ್ತು. ಇನ್ಸುಲಿನ್ ತಗೊಳ್ಳೋರು ನಿಲ್ಲಿಸಿಬಿಟ್ಟರೆ ಹೀಗಾಗುತ್ತೆ."

"ಇವರು ತಗೋತಿದ್ರಾ?"

"ಹೊಟ್ಟೆ ನೋಡಿ. ವರ್ಷಗಟ್ಟಲೆಯ ಸೂಜಿ ಗುರುತಿದೆ."

ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ಅರ್ಪಿತಳ ಪಕ್ಕದಲ್ಲಿ ಸಂಘಮಿತ್ರಾ ಕುಳಿತರು.

"ಸಕ್ಕರೆ ಕಾಯಿಲೆ ಯಾವಾಗಿನಿಂದ?"

"ಅಯ್ಯೋ, ಅವರಿಗ್ಯಾವ ಕಾಯ್ಲೆನೂ ಇಲ್ಲ."

"ಹೊಟ್ಟೆ ನೋಡ್ಕೊಂಡೇ ಬಂದಿದ್ದೀನಿ."

ಅರ್ಪಿತ ಸೆರಗನ್ನು ಬಾಯಿಗೊತ್ತಿಕೊಂಡಳು. "ಒಂಬತ್ತು ವರ್ಷ. ಜನಕ್ಕೆ ಗೊತ್ತಾದ್ರೆ ಮಂದಿರಕ್ಕೆ ಬೀಗ ಅಂತಿದ್ರು. ಆದ್ರೆ ಒಂದಿನಾನೂ ತಪ್ಪಿಸ್ನಿಲ್ಲ. ಸುಸ್ತು ಅಂತ ಕೂಟದಲ್ಲಿ ಇನ್ನೂ ಎಚ್ಚಾಗೇ ತಗಂಡ್ರು. ಸಕ್ಕರೆ ಇಳೀಲೇ ಇಲ್ಲ ಮೇಡಂ."

ಅವತ್ತೇ ಮಂದಿರದ ಹಿಂದಿನ ಮನೆಯಲ್ಲಿ ಪಂಚನಾಮೆ ನಡೆಯಿತು. ಫ್ರಿಜ್ಜಿನಲ್ಲಿ, ದ್ರಾಕ್ಷಾರಸದ ಡಬ್ಬದೊಳಗೆ, ಬಟ್ಟೆ ಸುತ್ತಿದ ಇನ್ಸುಲಿನ್ ಸೀಸೆ ಸಿಕ್ಕಿತು. ಸಂಘಮಿತ್ರಾ ಕೈಗವಸು ಹಾಕಿಕೊಂಡು ಅದರ ರಬ್ಬರ್ ಮುಚ್ಚಳವನ್ನು ಮೂಗಿನ ಹತ್ತಿರ ಹಿಡಿದರು. ಅವರ ಅಪ್ಪ ಬದುಕಿರುವವರೆಗೂ ಇನ್ಸುಲಿನ್ ತೆಗೆದುಕೊಂಡವರು. ಗಾಯದ ಪಟ್ಟಿಯಂಥ ಆ ಘಾಟು ಗೊತ್ತಿತ್ತು. ಇದಕ್ಕೆ ಯಾವ ವಾಸನೆಯೂ ಇರಲಿಲ್ಲ.

"ನೀರು ಅನ್ಸುತ್ತೆ, ಮರಿಯಯ್ಯ. ಸೀಲ್ ಮಾಡಿ ಪ್ರಯೋಗಾಲಯಕ್ಕೆ ಕಳಿಸಿ."

ಮುಚ್ಚಳ ತೆಗೆಯದೆ ಔಷಧಿ ಎಳೆದು, ಅಷ್ಟೇ ನೀರು ತುಂಬಿಸಿದ್ದರು. ಸೂಜಿ ಪಳಗಿದ ಕೈಯ ಕೆಲಸ. ಆ ಫ್ರಿಜ್ಜನ್ನು ಮುಟ್ಟುತ್ತಿದ್ದವರು ಮೂವರು: ಅರ್ಪಿತ, ಕಾರು ಓಡಿಸುತ್ತಿದ್ದ ಕಿಶನ್, ಅಡುಗೆಯ ಬೆಟ್ಟಮ್ಮ.

ಮಂಗಳವಾರ ಬೆಳಿಗ್ಗೆ ಕಿಶನ್‌ನ ವಿಚಾರಣೆ.

"ಬ್ರದರ್ ಬಿದ್ದಿದ್ದು ಮಧ್ಯಾಹ್ನ. ಆಸ್ಪತ್ರೆ ಸೇರಿಸಿದ್ದು ಕತ್ತಲಾದ ಮೇಲೆ. ಯಾಕೆ?"

"ಜನ ಬುಡ್ನಿಲ್ಲ ಮೇಡಂ. ಬ್ರದರೇ ಆಸ್ಪತ್ರೆ, ಆಸ್ಪತ್ರೆ ಅಂತಿದ್ರು. ಬೆಟ್ಟಮ್ಮ ಮೈಕು ಕಿತ್ಕಂಡ್ಬುಟ್ಲು. 'ಇದು ಅಯ್ಯನ ಮಾತಲ್ಲ, ಸೈತಾನ ಮಾತಾಡ್ತಾವ್ನೆ. ಆಸ್ಪತ್ರೆಗೋದ್ರೆ ನಂಬಿಕೆ ಕೆಡ್ತದೆ ಅಂತ ಕಲ್ಸಿರೋರೇ ಅವರು. ಪ್ರಾರ್ಥನೆ ಮಾಡಿ' ಅಂದ್ಲು. ಜನ ಕಾರಿಗೆ ಅಡ್ಡ ಮಲಗ್ಬುಟ್ರು."

"ಬೆಟ್ಟಮ್ಮ ಯಾವೂರು?"

"ಸಿಂಧಘಟ್ಟ."

ಸಿಂಧಘಟ್ಟದಲ್ಲಿ ಆಶಾ ಕಾರ್ಯಕರ್ತೆ ಮಾನಸ ಜಗಲಿಯಲ್ಲೇ ಮಾತಿಗೆ ಸಿಕ್ಕಳು. ಬೆಟ್ಟಮ್ಮನ ಹೆಸರೆತ್ತಿದ ಕೂಡಲೇ ಅವಳ ದನಿ ಇಳಿಯಿತು.

"ಒಬ್ಬಳೇ ಮಗಳು, ಅನು. ಐದನೇ ಕ್ಲಾಸು. ಮಗೀಗೆ ಸಕ್ಕರೆ ಕಾಯ್ಲೆ ಇತ್ತು. ಸೂಜಿ ಆಕೋದ ನಾನೇ ಬೆಟ್ಟಕ್ಕಂಗೆ ಕಲ್ಸಿದ್ದು. ಒಂದೊತ್ತೂ ತಪ್ಪಿಸ್ತಿರ್ನಿಲ್ಲ. ಓದ ವರ್ಷ ಆ ಬ್ರದರತ್ರ ಕರ್ಕಂಡೋದ್ಲು, ವಾಸಿಯಾಯ್ತು, ಸೂಜಿ ಬ್ಯಾಡ ಅಂದ್ನಂತೆ. ವಾರ ತುಂಬಲಿಲ್ಲ, ಮಗು ಓಗ್ಬುಡ್ತು."

"ದೂರು ಕೊಡಲಿಲ್ವಾ?"

"ಯಾರ ಮೇಲೆ ಕೊಡೋದು? ನಿಲ್ಸಿದ್ದು ನೀನೇ ತಾನೇ ಅಂದ್ರು ಊರೋರು. ಆಮೇಲೆ ನೋಡಿದ್ರೆ ಅವನ ಮಂದಿರಕ್ಕೇ ಅಡುಗೆಗೆ ಸೇರ್ಕಂಡ್ಲು. ಉಚ್ಚು ಇಡೀತು ಅಂದ್ಕಂಡೊ."

ಜೀಪಿನಲ್ಲಿ ಮರಿಯಯ್ಯ ಮೊಬೈಲಿನಲ್ಲಿ ಹುಡುಕಿ, ಮಂದಿರದ ಚಾನೆಲ್ಲಿನ ಒಂದು ವಿಡಿಯೋ ತೆಗೆದು ಕೊಟ್ಟ. 'ಸಕ್ಕರೆ ಕಾಯಿಲೆಯಿಂದ ಬಾಲಕಿಗೆ ಬಿಡುಗಡೆ.' ಎರಡು ಜಡೆಯ ಹುಡುಗಿ ವೇದಿಕೆಯ ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದಳು. ಸಾಲೊಮನ್ ಅವಳ ನೆತ್ತಿಯ ಮೇಲೆ ಅಂಗೈ ಊರಿ, ತಾಯಿಯ ಕೈಗೆ ಔಷಧಿಯ ಸೀಸೆ ಕೊಟ್ಟ. "ನಂಬಿಕೆ ಇದ್ಯಾ ತಾಯಿ? ಇದ್ರೆ ಒಡಿ!" ಬೆಟ್ಟಮ್ಮ ಸೀಸೆಯನ್ನು ನೆಲಕ್ಕೆ ಅಪ್ಪಳಿಸಿದಳು. ಜನ ಎದ್ದು ನಿಂತು ಸ್ತೋತ್ರ ಕೂಗಿದರು. ಹುಡುಗಿಯೂ ಚಪ್ಪಾಳೆ ತಟ್ಟಿದಳು.

ಸಂಘಮಿತ್ರಾ ಫೋನನ್ನು ವಾಪಸು ಕೊಟ್ಟರು. ಸಾಲೊಮನ್ ಅಂದು ಬೆಳಿಗ್ಗೆಯೂ ತನ್ನ ಹೊಟ್ಟೆಗೆ ಚುಚ್ಚಿಕೊಂಡೇ ವೇದಿಕೆ ಹತ್ತಿರುತ್ತಾನೆ ಎನ್ನಿಸಿದಾಗ, ಭಾನುವಾರ ಕಾರಿಗೆ ಅಡ್ಡ ಮಲಗಿದವರು ಇನ್ನೊಂದು ತಾಸು ಮಲಗಿದ್ದರೆ ಎಂಬ ಯೋಚನೆ ಬಂದುಹೋಯಿತು. ಪೊಲೀಸರಿಗೆ ಬರಬಾರದ ಯೋಚನೆ. ಬಂತು.

ಸಾಲೊಮನ್‌ಗೆ ಎಚ್ಚರವಾಗಿದೆಯೆಂದು ಆಸ್ಪತ್ರೆಯಿಂದ ಫೋನು ಬಂದಿತ್ತು. ಮಧ್ಯಾಹ್ನದ ಹೊತ್ತಿಗೆ ಅವನ ಮಂಚದ ಪಕ್ಕದಲ್ಲಿದ್ದರು.

"ಅನು ಗೊತ್ತಾ?"

"ಯಾರು?"

"ಬೆಟ್ಟಮ್ಮನ ಮಗಳು."

"ಬೆಟ್ಟಮ್ಮಂಗೆ ಮಗಳಿದ್ಲಾ? ನೂರಾರು ಜನ ಬತ್ತಾರೆ ಮೇಡಂ. ನಾನು ಯಾರಿಗೂ ಔಷಧಿ ಬುಡಿ ಅಂದೋನಲ್ಲ."

ಸಂಘಮಿತ್ರಾ ವಿಡಿಯೋ ಹಾಕಿ ಅವನ ಮುಖದೆದುರು ಹಿಡಿದರು. ಸೀಸೆ ಒಡೆದ ಸದ್ದಿಗೆ ಅವನು ಕಣ್ಣು ಮುಚ್ಚಿಕೊಂಡ. ಅಷ್ಟರಲ್ಲಿ ನರ್ಸು ಇನ್ಸುಲಿನ್ ಹಿಡಿದು ಬಂದಳು. ಕಣ್ಣು ತೆರೆಯದೆಯೇ ತೋಳು ಚಾಚಿದ.

ಅಂದು ಸಂಜೆ ಮಹಿಳಾ ಕಾನ್‌ಸ್ಟೆಬಲ್ ಜೊತೆ ಮಂದಿರಕ್ಕೆ ಹೋದಾಗ ಬೆಟ್ಟಮ್ಮ ಕೂಟದ ಕೊಪ್ಪರಿಗೆಗಳನ್ನು ಉಜ್ಜುತ್ತಿದ್ದಳು. ಜೀಪು ನೋಡಿ ಕೈ ತೊಳೆದುಕೊಂಡಳು.

"ಔಷಧಿ ಏನು ಮಾಡಿದೆ?"

"ಬಚ್ಚಲಿಗೆ ಚೆಲ್ದೆ."

"ಸೂಜಿ?"

"ತೋರಿಸ್ತೀನಿ ಬನ್ನಿ." ತೆಂಗಿನ ಮಟ್ಟೆಯ ರಾಶಿಯ ಕೆಳಗಿಂದ ಪ್ಲಾಸ್ಟಿಕ್ ಕವರೊಂದನ್ನು ಅವಳೇ ತೋರಿಸಿದಳು. ಪಂಚರ ಎದುರು ಜಪ್ತಿ ಮಾಡಿದರು. "ಅನುಗೆ ತಂದಿದ್ವು. ಉಳ್ಕಂಡಿದ್ವು."

"ಬುದ್ಧಿ ಬರಲಿ ಅಂತ ಮಾಡಿದ್ಯೋ, ಸಾಯಲಿ ಅಂತ್ಲೋ?"

"ಸಾಯ್ಲಿ ಅಂತ್ಲೇ. ಸುಮ್ಕೆ ಸಾಯೋದಲ್ಲ. ಆಸ್ಪತ್ರೆ, ಆಸ್ಪತ್ರೆ ಅಂತ ಬಾಯಿ ಬಡ್ಕಬೇಕು, ಸುತ್ತ ನಿಂತೋರು ಸ್ತೋತ್ರ ಏಳ್ತಿರ್ಬೇಕು. ನನ್ ಮಗಾನೂ ಕೇಳ್ತು, ಅವ್ವಾ, ಸೂಜಿ ಆಕವ್ವಾ ಅಂತ. ಇವನಿಗೆ ಫೋನ್ ಮಾಡ್ದೆ. 'ಮಗ ಅಲ್ಲ, ಸೈತಾನ ಮಾತಾಡ್ತಾವ್ನೆ, ಬಗ್ಬ್ಯಾಡ' ಅಂದ. ನಾನು ಬಗ್ನಿಲ್ಲ."

ಕೊಲೆ ಯತ್ನದ ಆರೋಪದ ಮೇಲೆ ಬೆಟ್ಟಮ್ಮನನ್ನು ಬಂಧಿಸಲಾಯಿತು. ಬುಧವಾರ ಬೆಳಿಗ್ಗೆ ಅವಳ ದೂರಿನ ಮೇಲೆ ಸಂಘಮಿತ್ರಾ ಇನ್ನೊಂದು ಎಫ್‌ಐಆರ್ ಬರೆದರು. ಅದರಲ್ಲಿ ಆರೋಪಿ ಸಾಲೊಮನ್ ಉರುಫ್ ಸೋಮಯ್ಯ. ಆಸ್ಪತ್ರೆಯ ಬಾಗಿಲಿಗೆ ಕಾವಲು ಹಾಕಿಸಿದರು.

ಕೋರ್ಟಿಗೆ ಹೊರಡುವ ಮುಂಚೆ ಅದನ್ನು ಬೆಟ್ಟಮ್ಮನಿಗೆ ತಿಳಿಸಿದರು. ಅವಳು ಬೇರೆಯದನ್ನೇ ಕೇಳಿದಳು.

"ಆ ವಿಡಿಯೋ ಇನ್ನೂ ಅದಾ?"

"ತೆಗೆಸಿದ್ದೀವಿ. ಸಾಕ್ಷಿಗೆ ನಮ್ಮ ಹತ್ರ ಇರುತ್ತೆ. ಜನಕ್ಕೆ ಇನ್ನು ಕಾಣಲ್ಲ."

"ತಿಥಿ ಆದ್ಮೇಲೆ ಓಗಿ ಅವನ ಕಾಲಿಡ್ಕಂಡು ಕೇಳ್ದೆ. ಮಗ ಸತ್ತೋಗದೆ, ವಾಸಿಯಾಯ್ತು ಅಂತ ತೋರಿಸ್ಬ್ಯಾಡಿ, ತೆಗೆದ್ಬುಡಿ ಅಂತ. 'ಅದ ನೋಡ್ಕಂಡು ಎಷ್ಟು ಜನ ಬತ್ತಾವ್ರೆ ಗೊತ್ತಾ? ನಿನ್ ನಂಬಿಕೆ ಸಾಲ್ದೆ ಓದ್ರೆ ನಾನೇನ್ ಮಾಡ್ಲಿ' ಅಂದ."

ಕಾನ್‌ಸ್ಟೆಬಲ್ ತೋಳು ಹಿಡಿದಳು. ಬೆಟ್ಟಮ್ಮ ಎದ್ದಳು.

"ಅವತ್ತು ತೆಗೆದ್ಬುಟ್ಟಿದ್ರೆ ನಾನು ಊರಿಗೋಗಿ ಅಳ್ತಾ ಕೂತಿರ್ತಿದ್ದೆ, ಮೇಡಂ. ಅಷ್ಟೇಯ."