ನೆರಳಿನಲ್ಲಿಡತಕ್ಕದ್ದು

ಕಲಬುರಗಿಯ ಹೊರವಲಯದ ಸೌರ ವಿದ್ಯುತ್ ಸ್ಥಾವರದಲ್ಲಿ ಫಲಕಗಳನ್ನು ಒರೆಸುತ್ತಿದ್ದ ಜಗದೇವಿಯ ಎಡತೋಳಿನೊಳಗೆ, ಸುಡುವ ಮಧ್ಯಾಹ್ನದಲ್ಲಿ, ಒಂದು ಪುಟ್ಟ ಬಾಗಿಲು ತೆರೆದುಕೊಂಡಿತು. ಅವಳಿಗೆ ಅದು ತಿಳಿಯಲಿಲ್ಲ. ತಿಳಿದದ್ದು ನಗರದ ಸಂಶೋಧನಾಲಯದಲ್ಲಿದ್ದ ವಿಜ್ಞಾನಿ ಡಾ. ವಾರಿಜಾ ನಾಡಿಗರಿಗೆ. ಪರದೆಯ ಮೇಲೆ ಕೆಂಪು ಚುಕ್ಕೆ ಮೂಡಿದ್ದೇ ತಡ, ಅವರು ಆಂಬುಲೆನ್ಸ್ ಹತ್ತಿದರು.

ಅದು 2061ರ ಮೇ ತಿಂಗಳು. ಆ ಬಾಗಿಲು ವಾರಿಜಾ ಅವರ ಅರ್ಧ ಆಯುಷ್ಯದ ದುಡಿಮೆ. ತೋಳಿನ ಚರ್ಮದಡಿ ಹುದುಗಿಸುವ, ಜೋಳದ ಕಾಳಿನ ಗಾತ್ರದ ಕೋಶ. ಅದರೊಳಗೆ ಮೂರು ಗೂಡು. ಒಂದೊಂದರಲ್ಲೂ ರೋಗಾಣುಗಳನ್ನು ಕೊಲ್ಲುವ ಪ್ರಬಲ ಔಷಧಿ. ಗೂಡಿನ ಬಾಯಿಗೆ ಕೊಬ್ಬಿನ ತೆಳುಪೊರೆ. ಹೆಪ್ಪುಗಟ್ಟಿದ ತುಪ್ಪ ಕಾವಿಗೆ ಕರಗುವಂತೆ, ರಕ್ತದ ಬಿಸಿ ಮೂವತ್ತೊಂಬತ್ತು ಡಿಗ್ರಿ ಮುಟ್ಟಿದೊಡನೆ ಒಂದು ಸಲಕ್ಕೆ ಒಂದೇ ಗೂಡಿನ ಪೊರೆ ಕರಗಿ ಔಷಧಿ ರಕ್ತಕ್ಕಿಳಿಯುತ್ತದೆ, ಸಂಶೋಧನಾಲಯಕ್ಕೆ ಸಂಕೇತ ಹೋಗುತ್ತದೆ. ಜನ ಅದನ್ನು ‘ಕಾವಲು ಕಾಳು’ ಎಂದರು.

ರಕ್ತದೊಳಗಿನ ರೋಗಾಣುಗಳನ್ನು ಸೋಸುವ ಅಂಗವಾದ ಗುಲ್ಮವನ್ನು ಜಗದೇವಿ ಅಪಘಾತವೊಂದರಲ್ಲಿ ಕಳೆದುಕೊಂಡಿದ್ದಳು. ಅಂಥವರಿಗೆ ಸೋಂಕು ತಗುಲಿದರೆ ಆಸ್ಪತ್ರೆ ಸೇರುವಷ್ಟೂ ವ್ಯವಧಾನವಿರುವುದಿಲ್ಲ. ಹಿಂದಿನ ವರ್ಷ ಮೊದಲ ಗೂಡು ತೆರೆದು ಅವಳನ್ನು ಉಳಿಸಿತ್ತು. ಈಗ ಎರಡನೆಯದು.

ಆಂಬುಲೆನ್ಸ್ ನಿಂತಾಗ ಜಗದೇವಿ ಕೈಯಲ್ಲಿ ಒದ್ದೆ ಬಟ್ಟೆ ಹಿಡಿದು ತಾನೇ ಎದುರು ಬಂದಳು.

“ಯಾರಿಗೇನಾತ್ರಿ ಅಕ್ಕೋರ?”

“ನಿನಗೇ ಕಣಮ್ಮ! ಚಳಿ ಇದೆಯಾ? ನಡುಕ?”

“ಈ ಬಿಸಿಲಾಗ ಚಳಿ ಎಲ್ಲಿಂದ ತರ್ಲಿರಿ? ನಿಮ್ಮ ಗಾಡ್ಯಾಗ ಎಸಿ ಅದ ಏನು? ಇದ್ರ ಹೇಳ್ರಿ, ಈಗಿಂದೀಗ ಜಡ್ಡು ಬೀಳ್ತೀನಿ.”

ರಕ್ತ ಪರೀಕ್ಷಿಸಿದರೆ ಒಂದೇ ಒಂದು ರೋಗಾಣುವಿಲ್ಲ. ವಾರಿಜಾಗೆ ಅರ್ಥವಾಯಿತು. ಮೈಯನ್ನು ಕಾಯಿಸಿದ್ದು ಜ್ವರವಲ್ಲ, ಬಿಸಿಲು. ಕಾಳಿಗೆ ಆ ವ್ಯತ್ಯಾಸ ತಿಳಿಯದು. ಉಳಿದಿರುವುದು ಒಂದೇ ಗೂಡು. ಹೊಸ ಕಾಳನ್ನು ಅವಳ ರಕ್ತಕ್ಕೆ ಹೊಂದುವಂತೆ ಬೆಳೆಸಲು ಮಳೆಗಾಲ ಕಳೆಯಬೇಕು. ನಾಳಿನ ಬಿಸಿಲಿಗೆ ಇದೂ ಕರಗಿದರೆ, ನಿಜವಾದ ಜ್ವರ ಬಂದ ದಿನ ಅವಳ ಪಾಲಿಗೆ ಏನೂ ಇರದು.

ಅವಳಿಗೊಂದು ನೆರಳಿನ ಚಪ್ಪರ ಹಾಕಿಸಿ ಎಂದು ವಾರಿಜಾ ಕೇಳಿದಾಗ ಸ್ಥಾವರದ ವ್ಯವಸ್ಥಾಪಕ ದೇಶಮುಖ್ ಆಗದೆಂದು ಕೈಯಲ್ಲಾಡಿಸಿದ.

“ಚಪ್ಪರ ಹಾಕಿದ್ರ ಅದರ ನೆರಳು ಫಲಕದ ಮ್ಯಾಲ ಬೀಳ್ತದ ಮೇಡಂ. ಕೆಲಸದವರಿಗಿ ನೆರಳು ಕೊಡಬೇಕಂತ ಯಾವ ಕಾಯ್ದೆದಾಗ ಅದ, ತೋರಸ್ರಿ. ಮನ್ಯಾಗ ಕುಂದ್ರು ಅನ್ರಿ ಅಕಿಗಿ.”

“ಕುಂತ್ರ ನೀವು ಬಂದು ರೊಟ್ಟಿ ಬಡೀತೀರೇನ್ರಿ ಸಾಹೇಬ್ರ?” ಎಂದಳು ಜಗದೇವಿ.

ವಾರಿಜಾ ಹೊರಡಲು ಅಣಿಯಾದರು. ಪರೀಕ್ಷಾ ನಳಿಕೆಗಳನ್ನು ಚೀಲಕ್ಕೆ ಸೇರಿಸುವಾಗ ಕಾವಲು ಕಾಳಿನ ಖಾಲಿ ಪೆಟ್ಟಿಗೆ ಕೈಗೆ ತಗುಲಿತು. ಅದರ ಮೇಲೆ ಸಣ್ಣ ಅಕ್ಷರಗಳು: ‘ಮೂವತ್ತೆಂಟು ಡಿಗ್ರಿ ಮೀರದಂತೆ ನೆರಳಿನಲ್ಲಿಡತಕ್ಕದ್ದು.’ ಅಜ್ಜಿಯ ಕಾಲದ ಮಾತ್ರೆಯ ಡಬ್ಬಿಗಳ ಮೇಲೂ ಇಂಥದೇ ವಾಕ್ಯವಿರುತ್ತಿತ್ತು. ಅದಕ್ಕೆ ಯಾವ ಅಂಗಡಿಯವನೂ ತಕರಾರು ತೆಗೆದದ್ದಿಲ್ಲ.

“ದೇಶಮುಖರೇ, ಔಷಧ ಕಾಯ್ದೆಯಲ್ಲಿದೆ. ನಿಮ್ಮ ಆವರಣದಲ್ಲಿ ಜೀವರಕ್ಷಕ ಔಷಧಿಯೊಂದು ಬಿಸಿಲಿನಲ್ಲಿದೆ. ಅದು ಹಾಳಾದರೆ ಹೊಣೆ ನಿಮ್ಮದು.”

“ಎಲ್ಲಿ ಅದ ಔಷಧಿ?”

ವಾರಿಜಾ ಜಗದೇವಿಯ ತೋಳನ್ನು ಮೇಲೆತ್ತಿ ತೋರಿಸಿದರು.

ದೇಶಮುಖ್ ಗಹಗಹಿಸಿದ. ಬಳಿಕ ಪೆಟ್ಟಿಗೆಯನ್ನು ಇಸಿದುಕೊಂಡು ಓದಿದ. ನಗು ನಡುವೆಯೇ ನಿಂತಿತು.

ಒಂದು ವಾರ ಕಳೆದು ವಾರಿಜಾ ಮತ್ತೆ ಬಂದರು. ಫಲಕಗಳ ಸಾಲಿನ ಉತ್ತರಕ್ಕೆ ಚಪ್ಪರವೆದ್ದಿತ್ತು. ಒಳಗೆ ತಂಪು ಗಾಳಿಯ ಯಂತ್ರ, ನೀರಿನ ಹೂಜಿ. ಮೈ ಬಿಸಿಯೇರುವ ಮುನ್ನ ಜಗದೇವಿ ಅಲ್ಲಿ ಕೂರಬೇಕೆಂದು ಅಪ್ಪಣೆಯಾಗಿತ್ತು. ಮೂರನೆಯ ಗೂಡು ಭದ್ರವಾಗಿತ್ತು. ವಾರಿಜಾ ನೆಮ್ಮದಿಯಿಂದ ಉಸಿರುಬಿಟ್ಟರು.

ಆಮೇಲೆ ಚಪ್ಪರದ ಬಾಗಿಲಿಗೆ ತೂಗುಹಾಕಿದ್ದ ಬೋರ್ಡು ಕಣ್ಣಿಗೆ ಬಿತ್ತು: ‘ಔಷಧಿ ಸಂಗ್ರಹ. ಅನ್ಯರಿಗೆ ಪ್ರವೇಶವಿಲ್ಲ.’ ಹೊರಗೆ ಹತ್ತಾರು ಹೆಂಗಸರು ತಲೆಯ ಮೇಲೆ ಒದ್ದೆ ಸೆರಗು ಹೊದ್ದು ಬಿಸಿಲಿನಲ್ಲೇ ಬುತ್ತಿ ಬಿಚ್ಚಿದ್ದರು. ಅವರಲ್ಲೊಬ್ಬಳು, ಜಗದೇವಿಯ ಜೊತೆಗಾತಿ ಕಾಶಿಬಾಯಿ, ಎದ್ದು ಬಂದಳು.

“ಅಕ್ಕೋರ, ನಮಗೂ ಒಂದೊಂದು ಕಾಳು ಹಾಕ್ರಿ.”

“ನಿಮಗೇನು ಕಾಯಿಲೆ?”

“ಜಡ್ಡೇನಿಲ್ರಿ.” ಕಾಶಿಬಾಯಿ ಚಪ್ಪರದ ಕಡೆಗೆ ಗದ್ದ ತೋರಿದಳು. “ಖಾಲಿ ಕಾಳಾದ್ರೂ ನಡೀತದ.”